ಪಾದರಕ್ಷೆಯ ಅಟ್ಟೆ: ಎಣ್ಣೆಬಾವಿಯಿಂದಲೋ, ತೋಟದಿಂದಲೋ?

ಬಾಗಿಲಲ್ಲಿ ಬಿಡುವ ಮೆಟ್ಟು ಸವೆದರೆ ನಾವು ಹೊಸದನ್ನು ತರುವೆವು. ಸವೆದುದು ಎಲ್ಲಿ ಹೋಯಿತೆಂದು ವಿಚಾರಿಸುವವರು ವಿರಳ. ಹೆಜ್ಜೆಹೆಜ್ಜೆಗೂ ಉದುರಿದ ಅಟ್ಟೆಯ ಪುಡಿ ಮಣ್ಣನ್ನೂ ಚರಂಡಿಯನ್ನೂ ಸೇರುತ್ತದೆ. ಉಳಿದ ತುಂಡು ತಿಪ್ಪೆಯಲ್ಲಿ ಬಹುಕಾಲ ಕೊಳೆಯದೆ ಬಿದ್ದಿರುತ್ತದೆ. ಆದುದರಿಂದ ಈ ಅಟ್ಟೆಯ ಹುಟ್ಟನ್ನು ಕೊಂಚ ಅರಿತಿರುವುದು ಗೃಹಸ್ಥರಿಗೆ ಅವಶ್ಯಕವಾಗಿದೆ.

ರಬ್ಬರೆಂದರೆ ಮೊದಲು ಮರದ ಹಾಲೇ ಆಗಿದ್ದಿತು. 1942ರಲ್ಲಿ ಮಲಯ, ಜಾವಾ ಮೊದಲಾದ ನಾಡುಗಳು ಜಪಾನಿನ ವಶವಾಗಲು, ಅಮೆರಿಕಾದವರಿಗೆ ಆ ರಬ್ಬರು ದೊರೆಯುವುದು ಬಹುಮಟ್ಟಿಗೆ ನಿಂತಿತು. ಆಗ ಅವರು ಕೃತಕ ರಬ್ಬರನ್ನು ವಿಪುಲವಾಗಿ ತಯಾರಿಸಿದರು. ವಿಶೇಷವೇನೆಂದರೆ, ಅಂದು ಅದಕ್ಕೆ ಬೇಕಾದ ಬ್ಯೂಟಡೈಯೀನಿನ ದೊಡ್ಡ ಪಾಲು ಧಾನ್ಯದ ಮದ್ಯಸಾರದಿಂದಲೇ ಬಂದಿತ್ತು! ಅನಂತರ ಕಲ್ಲೆಣ್ಣೆಯೇ ಅಗ್ಗವಾಗಿ ಮೇಲುಗೈ ಪಡೆಯಿತು. ಸವೆತವನ್ನೂ ಮುಪ್ಪನ್ನೂ ತಡೆಯುವುದರಲ್ಲಿ ಕೃತಕ ರಬ್ಬರು ಸಮರ್ಥವೆಂಬುದನ್ನು ಒಪ್ಪತಕ್ಕದ್ದೇ. ಆ ಸಾಮರ್ಥ್ಯವನ್ನು ತೋಟ-ಗದ್ದೆಗಳಿಂದ ಪಡೆಯಬಹುದೇ ಎಂಬುದೇ ಪ್ರಶ್ನೆ.

ಮರದ ರಬ್ಬರಿಗೆ ನಾವು ದೂರ ಹೋಗಬೇಕಾಗಿಲ್ಲ. ಸುಳ್ಯ, ಪುತ್ತೂರು ಸೀಮೆಗಳಲ್ಲಿ ಅದರ ತೋಟಗಳುಂಟು. ಆ ಹಾಲಿನಲ್ಲಿ ಸುಮಾರು ಮೂರರಲ್ಲೊಂದು ಪಾಲು ರಬ್ಬರು. ಗಂಧಕ ಬೆರಸಿ ಕಾಯಿಸಿದರೆ ಅದು ಗಟ್ಟಿಗೊಳ್ಳುವುದೆಂದು ಗುಡ್‌ಇಯರ್ ಎಂಬಾತನು 1839ರಲ್ಲಿ ಕಂಡುಕೊಂಡನು. ಆದರೆ ಸವೆತ ತಡೆಯಲು ಬೆರಸುವ ಕರಿಮಸಿಯು ಸಾಮಾನ್ಯವಾಗಿ ಮತ್ತೆ ಕಲ್ಲೆಣ್ಣೆಯದೇ.

ಇಲ್ಲಿ ಕುಣಿಗಲಿನ ದೊಡ್ಡಕೆರೆಯ ಕೆಳಗಿನ ಭತ್ತದ ಗದ್ದೆಗಳನ್ನು ನೆನೆಯೋಣ. 100 ಕಿಲೋ ಭತ್ತ ಕುಟ್ಟಿದರೆ ಸುಮಾರು 20 ಕಿಲೋ ಹೊಟ್ಟು. ಅದನ್ನು ಸುಟ್ಟರೆ ಸುಮಾರು 4 ಕಿಲೋ ಬೂದಿ. ಈ ಬೂದಿಯ ಬಹುಭಾಗ ಸಿಲಿಕಾ. ಅದನ್ನು ಕ್ಷಾರದಲ್ಲಿ ಕರಗಿಸಿ ಶುದ್ಧಿಗೊಳಿಸಿದರೆ ಕರಿಮಸಿಯ ಬದಲಿಗೆ ಬೆರಸಬಹುದು. ಟೈರು ತಯಾರಿಕೆಯಲ್ಲಿ ಇದರ ಬಳಕೆ ಈಗಾಗಲೇ ಉಂಟು. ಹೊಟ್ಟನ್ನು ಮಿತಿಮೀರಿದ ಉರಿಯಲ್ಲಿ ಸುಡಲಾಗದು. ಸುಟ್ಟರೆ ಸಿಲಿಕಾ ಹರಳುಗಟ್ಟುವುದು, ಅದರ ಧೂಳು ಶ್ವಾಸಕೋಶಕ್ಕೆ ಕೇಡು.

ಗುಬ್ಬಿಯ ಕಡೆಗೆ ನಡೆದರೆ ತೆಂಗಿನ ತೋಟಗಳು. ಬಚ್ಚಲೊಲೆಗೆ ಹೋಗುವ ಒಣಸಿಪ್ಪೆಯಲ್ಲಿ ಗಟ್ಟಿನಾರಿದೆ. ನಾರಿಗೆ ರಬ್ಬರಿನ ಹಾಲನ್ನು ಸಿಂಪಡಿಸಿ ಹಾಸಿಗೆ ಮಾಡುವ ಕ್ರಮ ಹಳೆಯದೇ. ಅದೇ ಕ್ರಮದಲ್ಲಿ ಒಳಅಟ್ಟೆಯನ್ನೂ ಮಾಡಬಹುದು. ನೆಲಕ್ಕೆ ತಾಗುವ ಹೊರಅಟ್ಟೆಗೆ ಮಾತ್ರ ನಾರು ತಕ್ಕುದಲ್ಲ. ಅದು ನೀರು ಹೀರುವುದು, ರಬ್ಬರಿನೊಡನೆ ಬಿಗಿಯಾಗಿ ಕೂಡದು.

ಇನ್ನು ತುಮಕೂರಿನ ಸುತ್ತಣ ಒಣನೆಲದಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡವನ್ನು ಯಾರು ತಾನೆ ಕಂಡಿಲ್ಲ? ಅದರ ತೊಗಟೆಯಿಂದ ಚರ್ಮ ಹದಮಾಡುವ ವಿದ್ಯೆ ದಕ್ಷಿಣದೇಶದಲ್ಲಿ ಪುರಾತನವಾದುದು. ಅಂಥ ತೊಗಲಿನ ಅಟ್ಟೆ ಮಳೆಗಾಲಕ್ಕೆ ಒಗ್ಗದು, ನಿಜ. ಆದರೆ ಸವೆದಾಗ ಬಿಚ್ಚಿ ಬೇರೆ ಹೊಲಿಯಬಹುದು. ಮೆಟ್ಟು ಹೊಲಿಯುವವರ ಕೈಗೆ ಕೆಲಸ, ನಮಗೆ ಉಳಿತಾಯ.

ಇವೆಲ್ಲವೂ ಮಾತಿನಲ್ಲಿಯೇ ಉಳಿಯಬಾರದು. ಒಂದು ಜೊತೆಯಲ್ಲಿ ಎಡಗಾಲಿಗೆ ಹೊಸಬಗೆಯ ಅಟ್ಟೆ, ಬಲಗಾಲಿಗೆ ವಾಡಿಕೆಯದು ಹಾಕಿಸಿ, ಕೆಲವು ತಿಂಗಳು ನಡೆದು, ನಡುವೆ ಕಾಲು ಬದಲಿಸಿ, ಸವೆತವನ್ನು ಅಳೆದು ನೋಡಿದರೆ ಸತ್ಯ ತಾನಾಗಿ ಹೊರಬೀಳುವುದು. ಒದ್ದೆ ನೆಲದಲ್ಲಿ ಜಾರುವುದೋ, ಬಿಸಿಲಿಗೆ ಬಿರಿಯುವುದೋ ಎಂಬುದನ್ನೂ ನೋಡಬೇಕು.

‘ಸಸ್ಯಜನ್ಯ’ ಎಂಬ ಚೀಟಿ ಕಂಡು ಮರುಳಾಗುವುದೂ ಬೇಡ. ಗಂಧಕದಿಂದ ಬಿಗಿಗೊಂಡ ಮರದ ರಬ್ಬರೂ ಸುಲಭವಾಗಿ ಕೊಳೆಯುವುದಿಲ್ಲ. ಕೊಳ್ಳುವಾಗ ಎರಡು ಪ್ರಶ್ನೆ ಕೇಳೋಣ: ಇದು ಯಾವುದರಿಂದ ಆದುದು? ಸವೆದರೆ ಅಟ್ಟೆ ಬದಲಿಸಬಹುದೇ? ಗಿರಾಕಿಗಳು ಕೇಳತೊಡಗಿದರೆ ಅಂಗಡಿಯವರೂ ಉತ್ತರ ಹುಡುಕುವರು. ಗುಬ್ಬಿಯ ಸಿಪ್ಪೆಗೂ ಕುಣಿಗಲಿನ ಹೊಟ್ಟಿಗೂ ಆಗ ಬೆಲೆ ಬಂದೀತು. ಅಲ್ಲಿಯವರೆಗೆ, ಇರುವ ಮೆಟ್ಟನ್ನು ಹೊಲಿಸಿಕೊಂಡು ಇನ್ನೊಂದು ವರ್ಷ ನಡೆಯುವುದೇ ಎಲ್ಲಕ್ಕಿಂತ ಸುಲಭವಾದ ಉಪಾಯವೆಂದು ನಾವು ಭಾವಿಸುತ್ತೇವೆ.