ಬಿಸಿಲ ನಾಡಿನ ಬುತ್ತಿ

ಕುವೈತಿನ ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ಗ್ಯಾರೇಜುಗಳಲ್ಲಿ ದುಡಿಯುವ ನಮ್ಮವರ ಮಧ್ಯಾಹ್ನದ ಊಟ ಎಷ್ಟೋ ಸಲ ಒಂದು ಪೊಟ್ಟಣದಲ್ಲಿರುತ್ತದೆ. ಕುದಿಯುವ ನೀರಿಗೆ ಅದನ್ನು ಹಾಗೆಯೇ ಇಳಿಬಿಟ್ಟು, ಐದು ನಿಮಿಷ ಬಿಟ್ಟು ತೆಗೆದು ಅಂಚು ಹರಿದರೆ ಬಿಸಿಬೇಳೆಬಾತ್ ಸಿದ್ಧ. ಈ ಊಟದ ಬೇರು ಮೈಸೂರಿನಲ್ಲಿದೆ. 1961ರಲ್ಲಿ ಶುರುವಾದ ಅಲ್ಲಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ, ಅಂದರೆ ಡಿಎಫ್‌ಆರ್‌ಎಲ್, ಸೈನಿಕರಿಗೆಂದು ರೂಪಿಸಿದ ತಂತ್ರಜ್ಞಾನವನ್ನು ಪಡೆದೇ ಎಂಟಿಆರ್ ತನ್ನ ರೆಡಿ ಟು ಈಟ್ ಪೊಟ್ಟಣಗಳನ್ನು ಹೊರತಂದಿತು.

ಖಾಲಿ ಪೊಟ್ಟಣವನ್ನು ಕತ್ತರಿಸಿ ಅಂಚನ್ನು ಗಮನಿಸಿ. ಹೊರಗೆ ಪಾಲಿಯೆಸ್ಟರ್, ಒಳಗೆ ಪಾಲಿಪ್ರೊಪಿಲೀನ್, ನಡುವೆ ಬೆಳಕನ್ನೂ ಗಾಳಿಯನ್ನೂ ತಡೆಯುವ ಅಲ್ಯುಮಿನಿಯಂ ಹಾಳೆ. ಅಡುಗೆ ತುಂಬಿ, ಬಾಯಿ ಬೆಸೆದು, ಒತ್ತಡದಲ್ಲಿ ಸುಮಾರು 121 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಫ್ರಿಜ್ಜಿಲ್ಲದೆ ತಿಂಗಳುಗಟ್ಟಲೆ ಉಳಿಯುತ್ತದೆ. ಟಿನ್ ಡಬ್ಬಿಯ ಭಾರವೂ ಇಲ್ಲ.

ಬುತ್ತಿ ಹೊತ್ತು ನಡೆಯುವ ಸೈನಿಕನಿಗೆ ಇನ್ನೂ ಹಗುರ ಬೇಕೆಂದರೆ ಅಡುಗೆಯ ನೀರು ತೆಗೆದು ಒಣಗಿಸಬೇಕು. ಪಶ್ಚಿಮ ಘಟ್ಟದಂಥ ಕಾಡಿನಲ್ಲಿ, ಹೆಜ್ಜೆಗೊಂದು ಹಳ್ಳ ಸಿಗುವಲ್ಲಿ, ಅದು ಸರಿಯಾದ ಲೆಕ್ಕ. ಕುವೈತಿನಲ್ಲಿ ಹಾಗಲ್ಲ. 2016ರ ಜುಲೈನಲ್ಲಿ ಇಲ್ಲಿನ ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾಗಿತ್ತು. ಇಂಥ ಸೆಕೆಯಲ್ಲಿ ಮೈಮುರಿದು ಕೆಲಸ ಮಾಡುವವನಿಗೆ ಗಂಟೆಗೆ ಒಂದು ಲೀಟರಿಗೂ ಹೆಚ್ಚು ಬೆವರು ಹರಿಯಬಹುದು. ಕುಡಿಯುವ ನೀರನ್ನೇ ಹೊತ್ತೊಯ್ಯಬೇಕಾದಾಗ ಒಣ ಪುಲಾವ್ ನೆನೆಸುವ ನೀರೂ ಬೆನ್ನಿನ ಮೇಲೇ ಬರುತ್ತದೆ. ಲೀಟರಿಗೆ ಒಂದು ಕಿಲೋ! ಆದ್ದರಿಂದ ಮರುಭೂಮಿಯ ಬುತ್ತಿಯ ತೂಕವನ್ನು ನೀರು ಸೇರಿಸಿಯೇ ಹೇಳಬೇಕು. ಪೊಟ್ಟಣದ ಮೇಲೆ ಅಚ್ಚಾದ ಗ್ರಾಂ ನೋಡಿ ಹಗುರವೆಂದು ಮೆಚ್ಚುವುದು ತಪ್ಪು. ಹಸಿವೇ ಇಂಗಿಹೋಗುವ ಧಗೆಯಲ್ಲಿ ಉಪ್ಪು, ಹುಳಿ, ಖಾರ ಹದವಾಗಿರುವುದೂ ಅಷ್ಟೇ ಮುಖ್ಯ. ಬಾಯಿಗೆ ರುಚಿಸದ್ದನ್ನು ಸೈನಿಕ ಎಸೆದು ಮುಂದೆ ಹೋಗುತ್ತಾನೆ.

1991ರ ಕೊಲ್ಲಿ ಯುದ್ಧದಲ್ಲಿ ಅಮೆರಿಕದ ಸೈನಿಕರಿಗೆ ಚಾಕೊಲೇಟೂ ಸಮಸ್ಯೆಯಾಯಿತು. ಸಾಮಾನ್ಯ ಚಾಕೊಲೇಟು 34 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ. ಹರ್ಷೀಸ್ ಕಂಪನಿ 60 ಡಿಗ್ರಿವರೆಗೆ ತಾಳುವ 'ಡೆಸರ್ಟ್ ಬಾರ್' ಮಾಡಿತು. ಕರಗುವ ಗೊಡವೆಯಿಲ್ಲದ ಮಾವಿನ ಬಾರ್ ಅಷ್ಟರಲ್ಲಾಗಲೇ ಮೈಸೂರಿನಲ್ಲಿತ್ತು. 1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋದಾಗ ಅವರಿಗಾಗಿ ಡಿಎಫ್‌ಆರ್‌ಎಲ್ ಕಟ್ಟಿಕೊಟ್ಟ ತಿನಿಸುಗಳಲ್ಲಿ ಅದೂ ಇತ್ತು.

ಆದರೆ ಯಾವ ಪೊಟ್ಟಣವೂ ಬಿಸಿಲನ್ನು ಪೂರ್ತಿ ಗೆಲ್ಲುವುದಿಲ್ಲ. ಮುಚ್ಚಿದ ಗೋದಾಮಿನಲ್ಲಿ, ನಿಂತ ವ್ಯಾನಿನಲ್ಲಿ ವಾರಗಟ್ಟಲೆ ಬೆಂದರೆ ಬಣ್ಣ ಕಂದುತ್ತದೆ, ರುಚಿ ಇಳಿಯುತ್ತದೆ, ಸಿ ಜೀವಸತ್ವ ಕುಗ್ಗುತ್ತದೆ. ಅಮೆರಿಕದ ಸೇನೆ ತನ್ನ ಊಟದ ಪೆಟ್ಟಿಗೆಗಳಿಗೆ ಶಾಖ ತಗುಲಿದಷ್ಟೂ ಕಪ್ಪಾಗುವ ಪುಟ್ಟ ವೃತ್ತದ ಚೀಟಿ ಅಂಟಿಸುತ್ತದೆ. ಕೊಲ್ಲಿ ನಾಡುಗಳಿಗೆ ಬರುವ ನಮ್ಮ ಬಿಸಿಬೇಳೆಬಾತಿನ ಪೆಟ್ಟಿಗೆಗಳಿಗೂ ಆ ಚೀಟಿ ಬೇಕು. ತಯಾರಿಕೆಯ ದಿನಾಂಕವೊಂದನ್ನೇ ನೋಡಿ ಕೊಳ್ಳುವ ಕಾರ್ಮಿಕನಿಗೆ ಆ ಪೊಟ್ಟಣ ಎಂಥ ಬಿಸಿಲಲ್ಲಿ ಕಾದು ಬಂದಿದೆಯೆಂದು ತಿಳಿಯುವ ಬೇರೆ ದಾರಿಯಿಲ್ಲ.