ಮಗುಚಿಟ್ಟ ಫೋಟೊ

ಬೆಳಗ್ಗೆ ಹತ್ತು ಗಂಟೆಗೆಲ್ಲ ಸೋಂಪುರದ ಬಿಸಿಲಿನಲ್ಲಿ ಲಾರಿಗಳೆಬ್ಬಿಸಿದ ಧೂಳು ತೇಲುತ್ತಿತ್ತು. ಅದಕ್ಕೇ ಜೆರಾಕ್ಸ್ ಅಂಗಡಿಯ ಹುಡುಗ ಷಟರನ್ನು ಅರ್ಧ ಇಳಿಸಿಕೊಂಡು ಕೂತಿದ್ದ. ತಲೆ ಬಗ್ಗಿಸಿ ಒಳಗೆ ಬಂದರೆ ಬಿಸಿ ಟೋನರಿನ ವಾಸನೆ, ಅದರ ಜೊತೆಗೇ ಊದಿನಕಡ್ಡಿಯ ಘಮ. ಮೂಲೆಯ ಮೇಜಿನ ಮೇಲೆ ಅಂಚು ಹಳದಿಗಟ್ಟಿದ, ಅಗ್ಗದ ಚಪ್ಪಟೆ ಸ್ಕ್ಯಾನರ್.

ಬೆಂಚಿನ ಮೇಲಿದ್ದ ಅಜ್ಜಿ ಪ್ಲಾಸ್ಟಿಕ್ ಕವರು ಬಿಚ್ಚಿ ಕಪ್ಪು ಬಿಳುಪಿನ ಫೋಟೊ ಒಂದನ್ನು ಹೊರತೆಗೆದರು. ಎರಡಿಂಚು ಅಗಲ, ಮೂರಿಂಚು ಉದ್ದ. ಸಂಕ್ರಾಂತಿಯಲ್ಲಿ ಶಿವಗಂಗೆ ಜಾತ್ರೆಗೆ ಹೋದಾಗ ತೆಗೆಸಿದ್ದಂತೆ. ರುಮಾಲು ಸುತ್ತಿದ ಯಜಮಾನರು ನೆಟ್ಟಗೆ ನಿಂತಿದ್ದಾರೆ.

“ಗೋಡೆಗೆ ಹಾಕಬೇಕು ಮಗ. ಮುಖ ಚೆನ್ನಾಗಿ ಬರಂಗೆ ಮಾಡ್ಕೊಡು.”

“ವಸಿ ನಿಧಾನ ಆಯ್ತದೆ, ಕೂತ್ಕಳಜ್ಜಿ.”

ಅವನ ಕೈ ಕಂಪ್ಯೂಟರಿನ ಕಡೆಗೆ ಹೋಗಲೇ ಇಲ್ಲ. ಸ್ಕ್ಯಾನರಿನ ಮುಚ್ಚಳ ಎತ್ತಿ, ಬಾಗಿಲ ಬೆಳಕಿಗೆ ಗಾಜನ್ನು ಓರೆಯಾಗಿ ನೋಡಿದ. ನೀವೂ ಬಾಗಿ ನೋಡಿ: ನೇರಕ್ಕೆ ಕಾಣದ ಬೆರಳ ಜಿಡ್ಡು ಓರೆನೋಟಕ್ಕೆ ಎದ್ದು ಕಾಣುತ್ತದೆ. ನೀರನ್ನು ಗಾಜಿನ ಮೇಲೆ ಚಿಮುಕಿಸಿದರೆ ಅಂಚಿನಿಂದ ಒಳಗಿಳಿಯುತ್ತದೆ, ಆಮೇಲೆ ಒಳಗಿನ ಮಂಜು ಒರೆಸಲು ಬಾರದು. ಹಾಗಾಗಿ ಮೆತ್ತನೆಯ ಬಟ್ಟೆಯನ್ನೇ ತುಸು ಒದ್ದೆ ಮಾಡಿ ಒರೆಸಿ, ಒಣಬಟ್ಟೆ ಆಡಿಸಿದ. ಫೋಟೊಕ್ಕೆ ನೀರು ಸೋಕಿಸಲಿಲ್ಲ. ಸಣ್ಣ ಕುಂಚದಿಂದ ನಡುವಿನಿಂದ ಅಂಚಿಗೆ ಧೂಳು ಸರಿಸಿದ.

ಫೋಟೊದ ಮೂಲೆಗಳು ಸುರುಳಿಗಟ್ಟಿದ್ದವು. ಇಂಥ ತೆಳು ಸ್ಕ್ಯಾನರಿನಲ್ಲಿ ಕಾಣುವ ಕಣ್ಣು ಗಾಜಿಗೆ ಅಂಟಿದಂತೆ ಓಡಾಡುತ್ತದೆ. ಕನ್ನಡಿ, ಮಸೂರ ಇರುವ ದಪ್ಪ ಯಂತ್ರಗಳಷ್ಟು ಆಳಕ್ಕೆ ಅದರ ನೋಟ ಹೋಗದು. ಕಾಗದ ಒಂಚೂರು ಮೇಲೆದ್ದರೂ ಮೀಸೆ ಕಲಸಿಹೋಗುತ್ತದೆ. ಹುಡುಗ ಫೋಟೊ ಮಗುಚಿಟ್ಟು, ಬೆನ್ನ ಮೇಲಿನ ಶಾಯಿಯ ಬರಹ ಮುಂದಕ್ಕೆ ಇಣುಕದಿರಲೆಂದು ಕಪ್ಪು ಹಾಳೆ ಹೊದಿಸಿ, ಅದರ ಮೇಲೊಂದು ರಟ್ಟಿನ ಪುಸ್ತಕ ಹೇರಿದ.

ಕಪ್ಪು ಬಿಳುಪಾದರೂ ಬಣ್ಣದಲ್ಲೇ ಓದಿಸಿದ. ಹಳದಿ ಕಲೆಯನ್ನು ಆಮೇಲೆ ಬೇರ್ಪಡಿಸುವುದು ಸುಲಭ. ಯಂತ್ರ ತಾನಾಗಿ ಚೂಪು ಮಾಡುವ ಆಯ್ಕೆಯನ್ನು ಬಂದ್ ಮಾಡಿದ. ಪಹಣಿಗಾದರೆ ಇಂಚಿಗೆ 300 ಚುಕ್ಕಿ ಸಾಕು. ಇದಕ್ಕೆ 1200 ಕೊಟ್ಟ. ಎರಡಿಂಚಿಗೆ 2400, ಮೂರಿಂಚಿಗೆ 3600. ಅದನ್ನೇ ಇಂಚಿಗೆ 300ರಂತೆ ಮುದ್ರಿಸಿದರೆ ಸರಿಯಾಗಿ 8×12ರ ಫ್ರೇಮು ತುಂಬುತ್ತದೆ. ಸ್ಕ್ಯಾನರಿನ ಡಬ್ಬದ ಮೇಲೆ ಅದಕ್ಕಿಂತ ಎಷ್ಟೋ ದೊಡ್ಡ ಅಂಕಿ ಅಚ್ಚಾಗಿರಬಹುದು, ಆದರೆ ಕಣ್ಣಿನ ಶಕ್ತಿ ಮೀರಿದ ಚುಕ್ಕಿಗಳೆಲ್ಲ ಸಾಫ್ಟ್‌ವೇರಿನ ಊಹೆ.

ಗುರ್ರೆನ್ನುತ್ತ ಬೆಳಕಿನ ಪಟ್ಟಿ ತೆವಳಿತು. 1957ರಲ್ಲಿ ಅಮೆರಿಕದ ರಸೆಲ್ ಕಿರ್ಷ್ ತಮ್ಮ ಮೂರು ತಿಂಗಳ ಮಗನ ಫೋಟೊವನ್ನು ಮೊದಲ ಸಲ ಹೀಗೆ ಕಂಪ್ಯೂಟರಿಗೆ ಓದಿಸಿದಾಗ ಸಿಕ್ಕಿದ್ದು ಉದ್ದಕ್ಕೆ 176, ಅಗಲಕ್ಕೆ 176 ಚುಕ್ಕಿ. ಈ ಯಜಮಾನರಿಗೆ 86 ಲಕ್ಷ ದಾಟುತ್ತದೆ. ಯಾರಿಗೂ ಮೊದಲು ನೆನಪಾಗುವುದು ಮನೆಯವರ ಮುಖವೇ, ನೋಡಿ.

ಮೂಲಪ್ರತಿಯನ್ನು ಟಿಫ್ ಆಗಿ ಉಳಿಸಿದ. ಜೆಪೆಗ್ ಆದರೆ ತಿದ್ದಿ ಉಳಿಸಿದಾಗಲೆಲ್ಲ ಸವೆಯುತ್ತದೆ. ಮೊಮ್ಮಗನ ವಾಟ್ಸಾಪಿಗೂ ಒಂದು ಹೋಯಿತು, ಕುಗ್ಗದಿರಲೆಂದು ಡಾಕ್ಯುಮೆಂಟಾಗಿ.

ಪರದೆಯ ಮೇಲೆ ಎದೆಯ ಭಾಗವನ್ನು ಹಿಗ್ಗಿಸಿದ. ಅಂಗಿಯಲ್ಲಿ ಮೂರು ಕಪ್ಪು ಗುಂಡಿ, ನಡುವೆ ಒಂದು ಬಿಳಿ.

ಅಜ್ಜಿ ಎದ್ದು ಹತ್ತಿರ ಬಂದರು. “ಜಾತ್ರೆಗೆ ಹೊರಡೋ ಹೊತ್ನಲ್ಲಿ ಕಿತ್ತೋಗಿತ್ತು. ಕೈಗೆ ಸಿಕ್ಕಿದ್ದ ಹಾಕ್ಕೊಟ್ಟಿದ್ದೆ.”