ಕಾದಂಬರಿ ವಿಮರ್ಶೆ: ಕಥೆ ಹೇಳಿದರೆ ಸಾಕೇ?

ಬಿ.ಎ. ಎರಡನೆಯ ವರ್ಷದಲ್ಲಿ ಅನಂತಮೂರ್ತಿಯವರ 'ಸಂಸ್ಕಾರ'ದ (1965) ಮೇಲೆ ಹನ್ನೆರಡು ಪುಟಗಳ ಪ್ರಬಂಧ ಬರೆದು ಕೊಟ್ಟಿದ್ದೆ. ತಿರುಗಿ ಬಂದಾಗ ಅಂಚಿನಲ್ಲಿ ಕೆಂಪು ಶಾಯಿಯ ಒಂದೇ ಸಾಲು: 'ಕಥೆ ನನಗೂ ಗೊತ್ತು.' ಸಿಟ್ಟು ಬಂತು. ಮೂರು ರಾತ್ರಿ ಕೂತು ಬರೆದದ್ದಲ್ಲವೇ! ಆದರೆ ನಾನೇ ಓದಿ ನೋಡಿದರೆ, ದೂರ್ವಾಸಪುರದಲ್ಲಿ ನಾರಣಪ್ಪ ಸತ್ತ, ಹೆಣ ಸುಡುವವರಿಲ್ಲ, ಪ್ರಾಣೇಶಾಚಾರ್ಯರು ಗ್ರಂಥ ತಿರುವಿದರು, ಉತ್ತರ ಸಿಗಲಿಲ್ಲ ಅಂತ ಹನ್ನೊಂದು ಪುಟ. ಕೊನೆಯದರಲ್ಲಿ 'ಒಟ್ಟಿನಲ್ಲಿ ಇದೊಂದು ಶ್ರೇಷ್ಠ ಕೃತಿ.'

ಎರಡನೆಯ ಸಲ ಕಥೆ ಬಿಟ್ಟೆ, 'ಅಸ್ತಿತ್ವವಾದ' ಹಿಡಿದೆ. 'ನವ್ಯ ಪ್ರಜ್ಞೆ', 'ಅನಾಥ ಪ್ರಜ್ಞೆ' ಎಲ್ಲ ಬಂದವು. ಅದು ಇನ್ನೂ ಕೆಟ್ಟದಾಯಿತು. ಆ ಮಾತುಗಳನ್ನು ಎತ್ತಿ ಬೇರೆ ಯಾವ ನವ್ಯ ಕಾದಂಬರಿಗೆ ಅಂಟಿಸಿದರೂ ಕೂತುಕೊಳ್ಳುತ್ತಿದ್ದವು.

ನನಗೆ ದಾರಿ ಸಿಕ್ಕಿದ್ದು ಪೆನ್ಸಿಲು ಹಿಡಿದು ಮತ್ತೊಮ್ಮೆ ಓದುವಾಗ, ಒಂದು ಕಡೆ ಎಡವಿದ್ದರಿಂದ. ಅಗ್ರಹಾರವೆಲ್ಲ ಹಸಿದು ಕೂತು ಚರ್ಚಿಸುವ ಪ್ರಶ್ನೆ, ಹೆಣ ಸುಡುವವರು ಯಾರು ಎಂಬುದು. ಚಂದ್ರಿ ಬಂಗಾರ ಬಿಚ್ಚಿಟ್ಟ ಮೇಲಂತೂ ಒಲ್ಲೆ ಎಂದವರಿಗೂ ಆಸೆ. ಆದರೆ ಹೆಣ ಸುಟ್ಟದ್ದು ಹೇಗೆ? ಚಂದ್ರಿ ಅಹಮದ್ ಬ್ಯಾರಿಯ ಗಾಡಿಯಲ್ಲಿ ಸಾಗಿಸಿ ರಾತ್ರಿಯೇ ಸುಡಿಸಿಬಿಡುತ್ತಾಳೆ. ಅಷ್ಟೇ. ಆಚಾರ್ಯರಿಗೂ ಬ್ರಾಹ್ಮಣರಿಗೂ ಅದು ಗೊತ್ತೇ ಇಲ್ಲ. ಪ್ರಶ್ನೆ ಮುಗಿಯಿತು, ಕಾದಂಬರಿ ಮುಗಿಯಲಿಲ್ಲ. ಯಾಕೆ?

ಈ 'ಯಾಕೆ'ಯೇ ಪ್ರಬಂಧ. ಇಂಥ ಒಂದು ಪ್ರಶ್ನೆ ಹುಟ್ಟುವವರೆಗೆ ಬರೆಯಲು ಕೂರಬೇಡಿ ಅಂತ ನಾನು ಹೇಳುತ್ತೇನೆ. ಹುಟ್ಟಿದರೆ ಯಾವುದು ಬೇಕು, ಯಾವುದು ಬೇಡ ಅಂತ ಅದೇ ಹೇಳುತ್ತದೆ. ಲೇಖಕರ ಹುಟ್ಟೂರು, ಪ್ರಶಸ್ತಿಗಳ ಪಟ್ಟಿ ತಾನಾಗಿ ಬಿದ್ದುಹೋಗುತ್ತವೆ. ನನ್ನ ಉತ್ತರ ಹೀಗಿತ್ತು: ಸಂಸ್ಕಾರವೆಂದರೆ ಉತ್ತರಕ್ರಿಯೆ ಮಾತ್ರವಲ್ಲ, ಮನುಷ್ಯ ಬೆಳೆದುಬಂದ ರೀತಿಯೂ ಹೌದು, ಹೆಣದ ಸಂಸ್ಕಾರ ಮುಗಿದ ಮೇಲೆ ಉಳಿಯುವುದು ಆಚಾರ್ಯರದು. ಇದಕ್ಕೆ ಆಧಾರ ಬೇಕಲ್ಲ? ಕಾಡಿನ ಕತ್ತಲಲ್ಲಿ ಚಂದ್ರಿಯನ್ನು ಕೂಡಿದಾಗ ಅವರು ಯಾವ ಗ್ರಂಥವನ್ನೂ ಕೇಳಲಿಲ್ಲ. ಆಮೇಲೆ ಹೆಂಡತಿಯನ್ನು ಸುಟ್ಟು ಹೊರಟವರು ಮಾಲೇರ ಪುಟ್ಟನ ಜೊತೆ ನಡೆಯುವಾಗ ಯಾರಾದರೂ ಗುರುತಿಸಿಯಾರೆಂದು ಹೆದರುತ್ತಾರೆ. ಸೂತಕದಲ್ಲೇ ಮೇಳಿಗೆಯ ದೇವಸ್ಥಾನದ ಪಂಕ್ತಿಯಲ್ಲಿ ಕೂರುತ್ತಾರೆ. ಗ್ರಂಥ ಬಿಟ್ಟಿದೆ, ಭಯ ಬಿಟ್ಟಿಲ್ಲ. ಈ ಮೂರು ಕಡೆ ನಿಂತು ನಿಧಾನವಾಗಿ ಬರೆದೆ, ಉಳಿದ ಕಥೆಗೆ ಎರಡೇ ವಾಕ್ಯ. ಕಾದಂಬರಿಯ ಮಾತು ಉದ್ಧರಿಸಿದರೆ ಚಿಕ್ಕದಾಗಿ ಉದ್ಧರಿಸಿ, ಅದರಲ್ಲಿ ನಿಮಗೆ ಕಂಡದ್ದೇನು ಅಂತ ಕೂಡಲೇ ಹೇಳಿ. ಅರ್ಧ ಪುಟ ನಕಲು ಮಾಡಿದರೆ ಪುಟ ತುಂಬುತ್ತದೆ, ನಿಜ.

ನಮ್ಮಂಥ ಹೊರನಾಡಿನವರಿಗೆ ಇನ್ನೊಂದು ಮಾತು. 1970ರ ಸಿನಿಮಾ ನೋಡಿಯೋ, 1976ರ ರಾಮಾನುಜನ್ ಅನುವಾದ ಓದಿಯೋ ಬರೆಯುವವರಿದ್ದಾರೆ. ಎರಡೂ ಒಳ್ಳೆಯವೇ. ಆದರೆ ಸಿನಿಮಾದಲ್ಲಿ ನಮಗೆ ಕಾಣುವುದು ಗಿರೀಶ ಕಾರ್ನಾಡರ ಮುಖ. ಇನ್ನು ರಾಮಾನುಜನ್ ಹೆಸರನ್ನು ಹಾಗೇ ಉಳಿಸಿಕೊಂಡರೂ, ಸತ್ತವನಿಗಾಗಿ ಮಾಡುವ ಕ್ರಿಯೆ ಎಂಬರ್ಥದ ಉಪಶೀರ್ಷಿಕೆ ಸೇರಿಸಿದರು. ಒಂದು ಅರ್ಥ ಮುಂದೆ ಬಂತು, ಉಳಿದವು ಹಿಂದೆ ಸರಿದವು. ನನ್ನ ವಾದವೆಲ್ಲ ನಿಂತದ್ದು ಆ ಹಿಂದೆ ಸರಿದ ಅರ್ಥದ ಮೇಲೆ!

ಬರೆದದ್ದನ್ನು ಕೊಡುವ ಮೊದಲು ಒಪ್ಪದವರೊಬ್ಬರಿಗೆ ಓದಿಸಿ. ನನ್ನ ಪ್ರಬಂಧ ಓದಿದ ಗೆಳತಿ ಕೇಳಿದಳು: "ಎಲ್ಲರೂ ಕೈಕಟ್ಟಿ ಕೂತಾಗ ಕೆಲಸ ಮಾಡಿದವಳು ಚಂದ್ರಿ. ಆಮೇಲೆ ಅವಳು ಕುಂದಾಪುರಕ್ಕೆ ಹೊರಟುಹೋಗುತ್ತಾಳೆ, ಕಾದಂಬರಿ ಆಚಾರ್ಯರ ಹಿಂದೆ ಹೋಗುತ್ತದೆ. ನೀನೂ ಅವರ ಹಿಂದೆಯೇ ಹೋದೆಯಲ್ಲ, ಮಾರಾಯ?" ನನ್ನ ಹತ್ತಿರ ಉತ್ತರವಿರಲಿಲ್ಲ. 'ಶ್ರೇಷ್ಠ ಕೃತಿ' ಎಂಬ ಸಾಲು ಹೊಡೆದುಹಾಕಿ, ಅವಳ ಪ್ರಶ್ನೆಯನ್ನೇ ಕೊನೆಯ ಪ್ಯಾರಾ ಮಾಡಿ ಕೊಟ್ಟೆ.